ಮಗುವನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವ ಮುನ್ನ

ಎಷ್ಟನೇ ವಯಸ್ಸಿಗೆ ಮಗುವನ್ನು ಮನೆಯಲ್ಲಿ ಒಬ್ಬರನ್ನೇ ಬಿಡಬಹುದು ಎಂದು ನಮ್ಮ ದೇಶದ ಕಾನೂನು ಹೇಳಿಲ್ಲ. ಆದರೆ ಮಗುವಿಗೆ ನೋವಾಗುವಂತೆ ಬೇಕೆಂದೇ ನಿರ್ಲಕ್ಷಿಸಿದರೆ, ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಬ್ರಿಟನ್‌ನಲ್ಲೂ ಇಂಥ ವಯಸ್ಸಿನ ಕಾನೂನಿಲ್ಲ. ಅಲ್ಲಿನ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ ಮಾತ್ರ, 12ರೊಳಗಿನವರನ್ನು ಹೆಚ್ಚು ಹೊತ್ತು ಒಂಟಿಯಾಗಿ ಬಿಡಬೇಡಿ ಎನ್ನುತ್ತದೆ.

ಹಿಂದೂಪುರ, ಕಲ್ಯಾಣದುರ್ಗದಂಥ ಕಡೆ ವ್ಯಾಪಾರಕ್ಕೆ ಬಂದು ನೆಲೆಸಿದವರಿಗೆ ಈ ಪ್ರಶ್ನೆ ಬೇಸಿಗೆ ರಜೆ ಬಂತೆಂದರೆ ಎದುರಾಗುತ್ತದೆ. ಊರಲ್ಲಾದರೆ ಅಜ್ಜಿಯೋ ಮಾಮಿಯೋ ಇರ್ತಾರೆ. ಇಲ್ಲಿ ಯಾರಿದ್ದಾರೆ? ಅಂಗಡಿ ಅದೇ ಬೀದಿಯಲ್ಲಿದ್ದರೆ ಒಂದು ಲೆಕ್ಕ. ಹಿಂದೂಪುರದಲ್ಲಿ ಮಗುವನ್ನು ಬಿಟ್ಟು ವಸೂಲಿಗೆ ಕಲ್ಯಾಣದುರ್ಗಕ್ಕೆ ಹೋಗುವುದೇ ಬೇರೆ ಲೆಕ್ಕ. ಕರೆದರೆ ಹತ್ತು ನಿಮಿಷಕ್ಕೆ ಬರುವ ದೊಡ್ಡವರು ಒಬ್ಬರಾದರೂ ಇಲ್ಲದಿದ್ದರೆ ಹದಿಮೂರರ ಮಗುವನ್ನೂ ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿ ಭಾಷೆಯದು. ಮನೆಯಲ್ಲಿ ಬ್ಯಾರಿ, ಹೊರಗೆ ಕನ್ನಡ ಆಡುವ ಮಗು 112ಕ್ಕೆ ಫೋನ್ ಮಾಡಿದರೆ ಆ ಕಡೆಯವರು ತೆಲುಗು ಮಾತಾಡುವವರು. ಹೆಸರು, ಬೀದಿ, ಹತ್ತಿರದ ಗುರುತು, ಏನಾಗಿದೆ ಎಂಬುದಿಷ್ಟನ್ನು ತೆಲುಗಿನಲ್ಲಿ ಹೇಳಲು ಕಲಿಸಿ. ದೊಡ್ಡವರು ಈಗಲೂ ಅನಂತಪುರ ಜಿಲ್ಲೆ ಅಂತಾರೆ. ಕಲ್ಯಾಣದುರ್ಗಕ್ಕೆ ಅದು ಸರಿ, ಹಿಂದೂಪುರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಮಕ್ಕಳ ಸಹಾಯವಾಣಿ 1098, ಗ್ಯಾಸ್ ಸೋರಿಕೆಗೆ 1906, ಆಂಬುಲೆನ್ಸ್‌ಗೆ 108. ಇವನ್ನು ಗೋಡೆಯ ಮೇಲೆ ಬರೆದಿಡಿ. ಫೋನ್ ಚಾರ್ಜ್ ಇದೆಯೇ ಅಂತಲೂ ನೋಡಿ.

ಮಗುವನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುವವರು ಇದ್ದಾರೆ. ಕಳ್ಳರ ಭಯಕ್ಕೆ ಹಾಗೆ ಮಾಡ್ತಾರೆ, ಆದರೆ ಬೆಂಕಿ ಹತ್ತಿದರೆ ಮಗು ಎಲ್ಲಿಂದ ಹೊರಗೆ ಬರಬೇಕು? ಒಳಗಿನ ಚಿಲಕ ಹಾಕಿ ತೆಗೆಯಲು ಬಾರದ ಮಗು ಇನ್ನೂ ತಯಾರಾಗಿಲ್ಲ ಅಂತಲೇ ಅರ್ಥ. ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ, ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ.

ಮೊದಲು ಇಪ್ಪತ್ತು ನಿಮಿಷ, ಹಗಲು ಹೊತ್ತಿನಲ್ಲಿ ಬಿಟ್ಟು ನೋಡಿ. ಕರೆಂಟ್ ಹೋದರೆ, ಕೈ ಕುಯ್ದುಕೊಂಡರೆ, ಬಾಗಿಲಲ್ಲಿ ಯಾರೋ ನಿಂತು "ನಿನ್ನ ಉಪ್ಪ ಕಳಿಸಿದ್ದಾರೆ" ಅಂದರೆ ಏನು ಮಾಡ್ತೀಯಾ ಎಂದು ಕೇಳಿ. ಬಾಯಿಪಾಠದ ಉತ್ತರ ಸಾಲದು, ಮಾಡಿ ತೋರಿಸಲಿ. ಹನ್ನೆರಡರ ಅಕ್ಕನ ಜೊತೆ ನಾಲ್ಕು ವರ್ಷದ ತಮ್ಮನನ್ನೂ ಬಿಡುವುದು ಬೇರೆಯೇ ವಿಷಯ. ತನ್ನನ್ನು ತಾನು ನೋಡಿಕೊಳ್ಳಬಲ್ಲ ಹುಡುಗಿ ಇನ್ನೊಂದು ಮಗುವನ್ನು ನೋಡಿಕೊಳ್ಳಬಲ್ಲಳು ಎಂದೇನಿಲ್ಲ. ಮತ್ತೆ, ನನಗೆ ಹೆದರಿಕೆ ಆಗುತ್ತೆ ಅಂತ ಮಗುವೇ ಹೇಳಿದರೆ, ಎಷ್ಟೇ ವಯಸ್ಸಾಗಿರಲಿ, ಅಂಗಡಿಗೆ ಕರಕೊಂಡು ಹೋಗಿ.