ಗರ್ಭಿಣಿಯರ ಆರೋಗ್ಯ ಮತ್ತು ಹೆರಿಗೆಪೂರ್ವ ಆರೈಕೆ: ಕುಟುಂಬದವರು ತಿಳಿದಿರಬೇಕಾದ ಸಂಗತಿಗಳು

ಬಸಿರಿನ ಸುದ್ದಿಯನ್ನು ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದೆಂಬ ರೂಢಿ ನಮ್ಮ ಅನೇಕ ಮನೆಗಳಲ್ಲಿ ಈಗಲೂ ಇದೆ. ದೃಷ್ಟಿಯಾದೀತು ಎಂಬ ಅಂಜಿಕೆ ಅದರ ಹಿಂದಿದೆ. ನೆರೆಹೊರೆಯವರಿಗೆ ಹೇಳದಿದ್ದರೆ ನಷ್ಟವಿಲ್ಲ. ಆದರೆ ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ಹೇಳದೆ ಉಳಿದರೆ ಅತಿ ಮುಖ್ಯವಾದ ಕಾಲವೇ ಕಳೆದುಹೋಗುತ್ತದೆ. ಶಿಶುವಿನ ಮೆದುಳು ಮತ್ತು ಬೆನ್ನುಹುರಿಗೆ ಮೂಲವಾದ ನಾಳವು ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿಯೇ ಮುಚ್ಚಿಕೊಳ್ಳುತ್ತದೆ. ಆ ವೇಳೆಗೆ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿಯೆಂಬುದು ಆಗಷ್ಟೇ ತಿಳಿದಿರುತ್ತದೆ. ಈ ಕಾರಣದಿಂದಲೇ ಫೋಲಿಕ್ ಆಮ್ಲದ ಮಾತ್ರೆಯನ್ನು ಮಗುವಿನ ನಿರೀಕ್ಷೆಯಲ್ಲಿರುವಾಗಲೇ ಆರಂಭಿಸಿ, ಮೊದಲ ಮೂರು ತಿಂಗಳು ಮುಂದುವರಿಸಬೇಕೆಂದು ವೈದ್ಯರು ಹೇಳುತ್ತಾರೆ.

ಮುಟ್ಟು ನಿಂತದ್ದು ಖಚಿತವಾದೊಡನೆ, 12 ವಾರಗಳ ಒಳಗೆ, ಸಮೀಪದ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. ಆನಂತರ 14ರಿಂದ 26, 28ರಿಂದ 34 ವಾರಗಳ ನಡುವೆ ಹಾಗೂ 36ನೆಯ ವಾರದ ಬಳಿಕ ಒಂದೊಂದು ತಪಾಸಣೆ, ಹೀಗೆ ಒಟ್ಟು ನಾಲ್ಕು ಕನಿಷ್ಠ. ವಿಶ್ವ ಆರೋಗ್ಯ ಸಂಸ್ಥೆಯು 2016ರಿಂದ ಎಂಟು ಭೇಟಿಗಳನ್ನು ಶಿಫಾರಸು ಮಾಡುತ್ತಿದೆ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಮೂತ್ರ, ರಕ್ತದ ಗುಂಪು, ಸಕ್ಕರೆ ಅಂಶ, ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗಳು ಇದರಲ್ಲಿ ಸೇರುತ್ತವೆ. ಧನುರ್ವಾಯು ಮತ್ತು ಗಂಟಲಮಾರಿ ತಡೆಯುವ ಲಸಿಕೆಯನ್ನೂ ಕೊಡಲಾಗುತ್ತದೆ. ಪ್ರತಿ ತಿಂಗಳ 9ನೆಯ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದಲೇ ಉಚಿತ ತಪಾಸಣೆ ನಡೆಯುತ್ತದೆ. ನಾಲ್ಕು ತಿಂಗಳು ಹಿಡಿದವರಿಂದ ಮೊದಲ್ಗೊಂಡು ದಿನ ತುಂಬಿದವರವರೆಗೆ ಎಲ್ಲರೂ ಹೋಗಬಹುದು. ಸೋದರಸಂಬಂಧದಲ್ಲಿ ಮದುವೆಯಾಗಿದ್ದರೆ ಮೊದಲ ಭೇಟಿಯಲ್ಲಿಯೇ ಅದನ್ನು ತಿಳಿಸಬೇಕು. ಸ್ಕ್ಯಾನಿಂಗ್ ಶಿಶುವಿನ ಬೆಳವಣಿಗೆಯನ್ನು ನೋಡಲು ಇರುವುದು. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯ್ದೆಯಂತೆ ಅಪರಾಧ.

ನಮ್ಮ ಭಾಗದ ತಾಯಂದಿರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನರು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ತಡಮಾಡದೆ ಆಸ್ಪತ್ರೆಗೆ ಸೇರಬೇಕು. ಹೆರಿಗೆಯಲ್ಲಿ ಹರಿಯುವ ರಕ್ತವನ್ನು ಆರೋಗ್ಯವಂತ ದೇಹ ತಾಳಿಕೊಳ್ಳುತ್ತದೆ. ರಕ್ತವಿಲ್ಲದ ದೇಹಕ್ಕೆ ಅದೇ ಪ್ರಮಾಣ ಪ್ರಾಣಾಂತಿಕವಾಗಬಹುದು. ಆದ್ದರಿಂದ ನಾಲ್ಕನೆಯ ತಿಂಗಳಿನಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ, ಪ್ರತಿನಿತ್ಯ ಒಂದು ಕಬ್ಬಿಣಾಂಶದ ಮಾತ್ರೆ ಸೇವಿಸಬೇಕು. ಅದನ್ನು ಉಚಿತವಾಗಿ ಕೊಡುತ್ತಾರೆ. ಮಾತ್ರೆ ತಿಂದರೆ ಕೂಸು ಕಪ್ಪಗಾಗುತ್ತದೆ, ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತುಗಳಿಗೆ ಆಧಾರವಿಲ್ಲ. ಮಲ ಕಪ್ಪಗಾಗುವುದು, ತುಸು ಮಲಬದ್ಧತೆ, ಹೊಟ್ಟೆ ತೊಳಸಿದಂತಾಗುವುದು ಸಹಜ. ರಾತ್ರಿ ಊಟವಾದ ಒಂದು ತಾಸಿನ ಮೇಲೆ ನುಂಗಿದರೆ ತ್ರಾಸು ಕಡಿಮೆ. ಚಹಾ, ಕಾಫಿ ಅಥವಾ ಹಾಲಿನೊಡನೆ ನುಂಗಿದ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ಲಿಂಬೆ ಪಾನಕದೊಡನೆ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ತಾಸಿನ ಅಂತರವಿರಲಿ.

ಬಯಕೆಯ ಹೆಸರಿನಲ್ಲಿ ಒಲೆಯ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವುದನ್ನು ಹಿರಿಯರು ನಕ್ಕು ಬಿಟ್ಟುಬಿಡುತ್ತಾರೆ. ಭಕ್ತರ ಮನೆಗಳಲ್ಲಿ ಕೆಲವರು ವಿಭೂತಿಗಟ್ಟಿಯನ್ನೇ ಕಡಿಯುವುದುಂಟು. ಪ್ರಸಾದವೆಂಬ ಭಾವನೆಯಿಂದ ಯಾರೂ ತಡೆಯುವುದಿಲ್ಲ. ವಿಭೂತಿ ಇರುವುದು ಹಣೆಗೆ. ಇಂಥ ಬಯಕೆ ಹಲವು ವೇಳೆ ಕಬ್ಬಿಣಾಂಶದ ಕೊರತೆಯ ಲಕ್ಷಣವಾಗಿರುತ್ತದೆ. ಅದು ಕಂಡ ಕೂಡಲೇ ರಕ್ತಪರೀಕ್ಷೆ ಮಾಡಿಸುವುದು ಯುಕ್ತ.

ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಆಹಾರದ ಬಗೆಗೆ ಒಂದಿಷ್ಟು ಹೆಚ್ಚಿನ ಎಚ್ಚರ ಬೇಕು. ಸಸ್ಯಾಹಾರದ ಕಬ್ಬಿಣಾಂಶ ದೇಹಕ್ಕೆ ನಿಧಾನವಾಗಿ ಸೇರುತ್ತದೆ. ಜೀವಸತ್ವ ಬಿ-12 ಕಾಳುಕಡಿ, ಸೊಪ್ಪುಗಳಲ್ಲಿ ಇಲ್ಲವೇ ಇಲ್ಲ, ಹಾಲು ಮೊಸರುಗಳಿಂದಲೇ ದೊರೆಯಬೇಕು. ಜೋಳದ ರೊಟ್ಟಿಯೊಡನೆ ಕಾಳುಪಲ್ಯ, ಮೆಂತ್ಯ ಅಥವಾ ನುಗ್ಗೆಸೊಪ್ಪು, ಶೇಂಗಾ ಅಥವಾ ಗುರೆಳ್ಳಿನ ಚಟ್ನಿ, ಮೊಸರು, ಮೇಲೊಂದು ಪೇರಲ ಅಥವಾ ನೆಲ್ಲಿಕಾಯಿ ಇದ್ದರೆ ಅದು ಉತ್ತಮವಾದ ಊಟ. ಆದರೆ ಎಲ್ಲರೂ ಉಂಡ ಮೇಲೆ ಸೊಸೆ ಉಣ್ಣುವ ಮನೆಯಲ್ಲಿ ಪಲ್ಯ ಉಳಿದಿರುತ್ತದೆಯೇ ಎಂಬುದನ್ನು ಅತ್ತೆಯವರು ನೋಡಬೇಕು. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಿಂದ ಗರ್ಭಿಣಿಯರಿಗೆ ಬಿಸಿಯೂಟ ದೊರೆಯುತ್ತದೆ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು ಕೊಡುತ್ತಾರೆ. ಶ್ರಾವಣ ಸೋಮವಾರ, ಶಿವರಾತ್ರಿಗಳಲ್ಲಿ ಗರ್ಭಿಣಿಯರು ನಿರಾಹಾರ ಇರಬೇಕಾಗಿಲ್ಲ. ಮಾತ್ರೆಯನ್ನಂತೂ ಆ ದಿನವೂ ತಪ್ಪಿಸಬಾರದು.

ಆರೈಕೆಯ ಎಳೆ ಮತ್ತೊಮ್ಮೆ ಕಡಿಯುವುದು ಕುಬಸದ ನಂತರ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುತ್ತಾಳೆ. ಸೀರೆ, ಬಳೆ, ಬುತ್ತಿ ಎಲ್ಲವೂ ಜೊತೆಗೆ ಹೋಗುತ್ತವೆ. ತಾಯಿ ಕಾರ್ಡ್ ಮಾತ್ರ ಗಂಡನ ಮನೆಯ ಕಪಾಟಿನಲ್ಲಿ ಉಳಿಯುತ್ತದೆ. ತವರೂರಿನ ವೈದ್ಯರಿಗೆ ಆಕೆಯ ಹಿಂದಿನ ರಕ್ತದೊತ್ತಡ ಎಷ್ಟಿತ್ತು, ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಹೌದೋ ಅಲ್ಲವೋ ತಿಳಿಯುವುದಿಲ್ಲ. ಹೊರಡುವ ಮುನ್ನ ಇಲ್ಲಿಯ ಆಶಾ ಕಾರ್ಯಕರ್ತೆಗೆ ತಿಳಿಸಿ, ಅಲ್ಲಿ ತಲುಪಿದ ವಾರದೊಳಗೆ ಅಲ್ಲಿಯವರಿಗೆ ಕಾರ್ಡ್ ತೋರಿಸಬೇಕು. ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡಿಸಲು ಮಠಕ್ಕೆ ಬರುವ ಕುಟುಂಬಗಳು ಆ ಕಾರ್ಡನ್ನೂ ಜೊತೆಗೆ ತರಬೇಕೆಂದು ವಿನಂತಿ. ಯಾವ ತಪಾಸಣೆ ಬಾಕಿಯಿದೆಯೆಂದು ಅಲ್ಲಿಯೇ ನೋಡಿಕೊಳ್ಳಬಹುದು.

ಆ ಕೊನೆಯ ತಿಂಗಳುಗಳಲ್ಲಿ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಬಾವು, ಮೇಲ್ಹೊಟ್ಟೆಯ ನೋವು ಕಂಡರೆ ರಕ್ತದೊತ್ತಡ ಏರಿರಬಹುದು; ಅದು 140/90 ಮುಟ್ಟಿದರೆ ಅಪಾಯದ ಸೂಚನೆ. ರಕ್ತಸ್ರಾವ, ನೀರು ಹೋಗುವುದು, ಫಿಟ್ಸ್, ಜ್ವರ, ಕೂಸಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೊಂದಿದ್ದರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು. ರಾತ್ರಿ ವೇಳೆ ಜೊತೆಗೆ ಯಾರು ಹೋಗುವರು, ರಕ್ತ ಬೇಕಾದರೆ ಕೊಡುವವರು ಯಾರು ಎಂಬುದನ್ನು ಏಳನೆಯ ತಿಂಗಳಲ್ಲಿಯೇ ನಿಶ್ಚಯಿಸಿ ಕಾರ್ಡಿನ ಹಿಂಬದಿಯಲ್ಲಿ ಬರೆದಿಡಿ.