ಮರದ ಕೂಡಿಕೆ: ಬೇಗನೆಯೋ, ಭದ್ರವಾಗಿಯೋ?



ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ದೇವಾಲಯದ ಗೋಡೆ, ಗೋಪುರ, ಘಂಟೆಗಳ ಚರಿತ್ರೆಯನ್ನು ಬರೆಯುವವರು ಅನೇಕರು. ಭಕ್ತಾದಿಗಳು ಮೊಣಕಾಲೂರುವ ಹಲಗೆಯ ಸಂದಿನಲ್ಲಿಯೂ ಒಂದು ಚರಿತ್ರೆಯುಂಟು. ಎರಡು ಮರಗಳನ್ನು ಬೇಗನೆ ಕೂಡಿಸಬೇಕೇ, ಭದ್ರವಾಗಿ ಕೂಡಿಸಬೇಕೇ ಎಂಬುದು ಬಡಗಿಯ ಹಳೆಯ ಪ್ರಶ್ನೆ. ಸವೆದ ಬೆಂಚುಗಳನ್ನು ದುರಸ್ತಿ ಮಾಡಿಸುವುದೋ, ಹೊಸವನ್ನು ತರಿಸುವುದೋ ಎಂದು ಆಲೋಚಿಸುತ್ತಿರುವ ನಮಗೆ ಅದು ಇಂದು ನಮ್ಮದೇ ಪ್ರಶ್ನೆಯಾಗಿದೆ.

ವಿಮೋಚನಾಕಾಂಡದ 26ನೆಯ ಅಧ್ಯಾಯದಲ್ಲಿ ದೇವರ ಗುಡಾರದ ಮರಗೆಲಸದ ವಿವರವಿದೆ. ಒಂದೊಂದು ಹಲಗೆಗೂ ಮುಂಚಾಚಿದ ಎರಡೆರಡು ತುದಿಗಳು. ದಕ್ಷಿಣ ಭಾಗದ 20 ಹಲಗೆಗಳಿಗೆ 40 ಬೆಳ್ಳಿಯ ಗದ್ದಿಗೆಗಳು. ಬಿಚ್ಚಿ ಹೊತ್ತೊಯ್ದು ಮತ್ತೆ ನಿಲ್ಲಿಸಬಹುದಾದ ಭದ್ರ ಕೂಡಿಕೆ ಅದು.

ಅಂತಹ ಕೌಶಲವನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಕೊರವಂಗಲದ ಬೂಚೇಶ್ವರ ದೇಗುಲವನ್ನು 1173ರಲ್ಲಿ, ವೀರಬಲ್ಲಾಳನ ಪಟ್ಟಾಭಿಷೇಕದ ಕಾಲದಲ್ಲಿ, ಬೂಚಿರಾಜನು ಕಟ್ಟಿಸಿದನು. ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲುಗಳನ್ನು ಮರಗೆಲಸದ ಕ್ರಮದಲ್ಲಿಯೇ, ಒಂದರ ಚಾಚನ್ನು ಇನ್ನೊಂದರ ಕುಳಿಗೆ ಇಳಿಸಿ, ಗಾರೆಯಿಲ್ಲದೆ ಕೂಡಿಸುತ್ತಿದ್ದರು. ನೆರೆಯವರ ದೇಗುಲಗಳಾದರೂ ಆ ಕೈಗಳ ಶ್ರದ್ಧೆ ನಮಗೂ ಪಾಠವಾಗಿದೆ.

ಮರವು ಮಳೆಗಾಲದಲ್ಲಿ ತೇವ ಹೀರಿ ಅಡ್ಡಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ; ಉದ್ದದಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ. ಸಕಲೇಶಪುರದ ಮಳೆಯೂ ಅರಸೀಕೆರೆಯ ಬಿಸಿಲೂ ಒಂದೇ ಜಿಲ್ಲೆಯಲ್ಲಿರುವ ನಮಗೆ ಇದು ತಿಳಿಯದ ಸಂಗತಿಯಲ್ಲ. ಕಬ್ಬಿಣದ ಮೊಳೆ ಮರದೊಡನೆ ಉಬ್ಬದು, ಕುಗ್ಗದು. ಆದಕಾರಣ ವರ್ಷ ಕಳೆದಂತೆ ಅದರ ತೂತು ಸಡಿಲವಾಗುತ್ತದೆ. ಹಲಗೆಯ ಕುಯ್ದ ತುದಿಗೆ ಹೊಡೆದ ಮೊಳೆಯ ಹಿಡಿತವಂತೂ ಇನ್ನೂ ಕಡಿಮೆ. ಉಳಿಯಿಂದ ತೋಡಿದ ಕುಳಿಗೆ ಚಾಚನ್ನು ಬಿಗಿಯಾಗಿ ಇಳಿಸಿ ಮರದ ಆಣಿ ಹೊಡೆದಲ್ಲಿ, ಭಾರವನ್ನು ಮರವೇ ಹೊರುತ್ತದೆ.

ಹಿಂದೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ತಯಾರಾದ ಅಂಟನ್ನು ಕಾಯಿಸಿ ಹಚ್ಚುತ್ತಿದ್ದರು. ಬಿಸಿಯೂ ತೇವವೂ ತಗುಲಿದರೆ ಅದು ಬಿಡುವುದರಿಂದ, ಮುರಿದುದನ್ನು ಬಿಚ್ಚಿ ಸರಿಪಡಿಸಬಹುದಾಗಿತ್ತು. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಕಾಯಿಸುವ ಶ್ರಮ ತಪ್ಪಿತು. ತರುವಾಯ ವಿದ್ಯುತ್ ಯಂತ್ರದಿಂದ ಸ್ಕ್ರೂ ಬಿಗಿಯುವ ಪದ್ಧತಿಯೂ ಹರಡಿತು. ಇದನ್ನು ನಾವು ಹಳಿಯಲಾರೆವು. ಬಡವರ ಮನೆಗೂ ಕಡಿಮೆ ಬೆಲೆಗೆ ಮೇಜು, ಬೀರು ಬಂದದ್ದು ಈ ಬೇಗದ ಕೆಲಸದಿಂದಲೇ.

ಹಾಗಾದರೆ ಯಾವುದನ್ನು ಆರಿಸಬೇಕು? ಕ್ರಿಸ್ತಜಯಂತಿಯ ಗೋದಲಿಗೂ ಮೆರವಣಿಗೆಯ ಮಂಟಪಕ್ಕೂ ಮೊಳೆಯೇ ಸಾಕು. ಹಬ್ಬ ಮುಗಿದರೆ ಅವುಗಳ ಸೇವೆಯೂ ಮುಗಿಯುತ್ತದೆ. ಪ್ರತಿ ಭಾನುವಾರ ಜನರ ಭಾರ ಹೊತ್ತು, ಒರಗುವವರ ಬೆನ್ನಿಗೆ ಒತ್ತಾಸೆಯಾಗಿ ನಿಲ್ಲುವ ಬೆಂಚುಗಳಿಗೆ ಉಳಿಯ ಕೂಡಿಕೆಯೇ ಬೇಕು. ಹಳೆಯ ಬೆಂಚುಗಳ ಮರ ಗಟ್ಟಿಯಾಗಿರುವಲ್ಲಿ ಸಂದುಗಳನ್ನು ಬಿಚ್ಚಿ ಮತ್ತೆ ಬಿಗಿಸುವುದೇ ವಿವೇಕವೆಂದು ನಾವು ಭಾವಿಸುತ್ತೇವೆ. ಆದರೆ ಒಂದು ಮಾತು. ಭದ್ರವಾದ ಕೆಲಸವನ್ನು ಕೇಳಿ ಬೇಗದ ಕೆಲಸದ ಕೂಲಿಯನ್ನು ಕೊಡುವುದು ನ್ಯಾಯವಾಗದು. ಉಳಿ ಹಿಡಿದವನಿಗೆ ತಗಲುವಷ್ಟು ದಿನಗಳ ಕೂಲಿ ಸಲ್ಲಲೇಬೇಕು.

1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯೂಸರು ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವೆಂದು ಸ್ಥಾಪಿಸಿದರು. ನಜರೇತಿನ ಆ ಬಡಗಿಯ ಪ್ರಾರ್ಥನಾಸಹಾಯವು ನಮ್ಮ ಧರ್ಮಕೇಂದ್ರದ ಮೇಲೂ, ಅದಕ್ಕಾಗಿ ದುಡಿಯುವ ಎಲ್ಲ ಕೈಗಳ ಮೇಲೂ ಸದಾ ಇರಲಿ.