ದೊಡ್ಡಿ: ದನ ಕೂಡಿದ ಜಾಗ, ಜನ ನಿಂತ ಜಾಗ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಊರುಪಟ್ಟಿ ಸಿಕ್ಕರೆ ಹೆಸರುಗಳ ಬಾಲವನ್ನಷ್ಟೇ ನೋಡುತ್ತ ಹೋಗಿ. ಹಳ್ಳಿ, ಪುರ, ಪಾಳ್ಯಗಳ ನಡುವೆ ದೊಡ್ಡಿ ಮತ್ತೆ ಮತ್ತೆ ಎದುರಾಗುತ್ತದೆ. ಗೊಲ್ಲರದೊಡ್ಡಿ, ಹೊಸದೊಡ್ಡಿ, ರಾಯರದೊಡ್ಡಿ, ಯಾವನೋ ಗೌಡನ ಹೆಸರು ಹೊತ್ತ ಇನ್ನೆಷ್ಟೋ ದೊಡ್ಡಿಗಳು. ಪಕ್ಕದ ಮದ್ದೂರು ಸೀಮೆಯ ಕಾಳಮುದ್ದನದೊಡ್ಡಿಗೆ ಭಾರತೀನಗರ ಎಂದು ಹೆಸರಿಟ್ಟರೂ ಜನರ ಬಾಯಲ್ಲಿ ಅದಿನ್ನೂ ಕೆ.ಎಂ.ದೊಡ್ಡಿಯೇ.

'ದೊಡ್ಡ'ದಿಂದ ದೊಡ್ಡಿ ಬಂತೆಂದು ಹೇಳುವವರಿದ್ದಾರೆ. ಅದು ಕಿವಿಯ ಭ್ರಮೆ. ದೊಡ್ಡಿಗಳು ಸಾಮಾನ್ಯವಾಗಿ ಪುಟ್ಟ ಊರುಗಳು. ಪದದ ಮೂಲಾರ್ಥ ದನ ಕೂಡುವ ಜಾಗ. ತೆಲುಗಿನಲ್ಲೂ ದೊಡ್ಡಿ ಎಂದರೆ ಅದೇ. ಅಲ್ಲಿ ಮುಂದೆ ಮನೆಯ ಹಿತ್ತಿಲಾಗಿ, ಹಿತ್ತಿಲಿಗೆ ಹೋಗುವ ಕೆಲಸಕ್ಕೂ ಹೆಸರಾಯಿತು. ಗಡಿಯಾಚೆ ತಮಿಳುನಾಡಿನ ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಕನ್ನಡದ ಊರುಗಳಲ್ಲೂ ದೊಡ್ಡಿಗಳುಂಟು. ಆದರೆ ತಮಿಳು ಲಿಪಿಯಲ್ಲಿ ದೊಡ್ಡಿಗೂ ನೀರಿನ ತೊಟ್ಟಿಗೂ ಬರಹ ಒಂದೇ ಆದ್ದರಿಂದ, ಅರಿಯದವರು ಊರನ್ನು ತೊಟ್ಟಿಯೆಂದೇ ಓದಿಕೊಳ್ಳುತ್ತಾರೆ. ನಮ್ಮ ಹಟ್ಟಿಯ ಕಥೆಯೂ ಇಂಥದ್ದೇ. ಹಳಗನ್ನಡದ 'ಪಟ್ಟಿ' ದನಕುರಿಗಳನ್ನು ಕೂಡುವ ಜಾಗ; ಅದು ಹಟ್ಟಿಯಾಗಿ, ಗೊಲ್ಲರಹಟ್ಟಿಯಾಗಿ ಜನವಸತಿಯ ಹೆಸರಾಯಿತು.

ಕೂಡುವ ಜಾಗ ಊರಾದದ್ದು ಹೇಗೆ? ಕಾವೇರಿಯ ಸಂಗಮದ ಆಚೀಚೆಯ ಕಾಡುಗಳಲ್ಲಿ ದೊಡ್ಡಿ ಹಾಕುವ ರೂಢಿ ಹಳೆಯದು. ಊರಲ್ಲಿ ಮೇವು ತೀರಿದಾಗ ದನಗಳನ್ನು ಕಾಡಿಗೆ ಹೊಡೆದುಕೊಂಡು ಹೋಗಿ, ನೀರು ಸಿಗುವ ಕಡೆ ಮುಳ್ಳುಬೇಲಿಯನ್ನೋ ಕಲ್ಲುಗೋಡೆಯನ್ನೋ ಕಟ್ಟಿ, ರಾತ್ರಿ ಅದರೊಳಗೆ ಕೂಡಿ, ಕಾಯುವವರು ಬದಿಯಲ್ಲೇ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಆಲಂಬಾಡಿ ತಳಿಯ ರಾಸುಗಳು ಇಂಥ ಕಾಡುಮೇವಿನಲ್ಲೇ ಬೆಳೆದವು. ಗೊಬ್ಬರ ಬಿದ್ದ ನೆಲದಲ್ಲಿ ರಾಗಿ ಚೆನ್ನಾಗಿ ಬರುತ್ತದೆ. ಕೆಲವರು ಮಳೆಗಾಲಕ್ಕೂ ಹಿಂತಿರುಗದೆ ಅಲ್ಲೇ ನಿಂತರು. ಗುಡಿಸಲು ಮನೆಯಾಯಿತು, ದೊಡ್ಡಿ ಊರಾಯಿತು. ಇದನ್ನು ಯಾವ ಶ್ಯಾನುಭೋಗನೂ ಬರೆದಿಡಲಿಲ್ಲ, ಹೆಸರೇ ಬರೆದಿಟ್ಟುಕೊಂಡಿದೆ.

ಅಷ್ಟರಲ್ಲಿ ಸರ್ಕಾರದ ಗೆರೆಗಳು ಬಂದವು. ದನಗಳ ಅಕ್ರಮ ಪ್ರವೇಶದ ಕಾಯ್ದೆ 1871ರದು. ಮೈಸೂರು ಅರಣ್ಯ ನಿಬಂಧನೆ 1900ರದು. ಕರ್ನಾಟಕ ಅರಣ್ಯ ಕಾಯ್ದೆ 1963ರದು. ದೊಡ್ಡಿಗೆ ಇನ್ನೊಂದು ಅರ್ಥ ಅಂಟಿದ್ದು ಇಂಥ ಕಾಯ್ದೆಗಳ ಕಾಲದಲ್ಲಿ: ತಪ್ಪು ಮಾಡಿದ ದನದ ಸೆರೆಮನೆ, ಉತ್ತರ ಕರ್ನಾಟಕದವರ ಕೊಂಡವಾಡ. ಹೊಲ ಮೇಯ್ದ ದನವನ್ನು ದೊಡ್ಡಿಗೆ ಕೂಡಿದರೆ ದಂಡ ತೆತ್ತು ಬಿಡಿಸಿಕೊಳ್ಳಬೇಕು. ಗೆರೆ ದಾಟಿ ಕಾಡಿಗೆ ಹೋದ ದನಕ್ಕೂ ಅದೇ ಗತಿ. ಕಾಡಿನಲ್ಲಿ ದನಗಾಹಿ ತನ್ನ ದನವನ್ನು ಕಾಪಾಡಲು ಕಟ್ಟಿದ್ದರ ಹೆಸರೇ ಅವನ ದನವನ್ನು ಹಿಡಿದಿಡುವ ಸರ್ಕಾರಿ ಕಟ್ಟಡಕ್ಕೂ ಬಂತು. ಈ ಪದದ ಬಾಳಿನಲ್ಲಿ ಇದಕ್ಕಿಂತ ಕಹಿಯಾದ ತಿರುವು ನನಗೆ ಕಾಣದು.

ಇರುಳಿಗರು ಈ ಕಥೆಗೆ ಬೇರೆ ದಾರಿಯಿಂದ ಬರುತ್ತಾರೆ. ಅವರು ದನ ಕಟ್ಟಿ ಬದುಕಿದವರಲ್ಲ. ಸಾವನದುರ್ಗದ ತಪ್ಪಲು, ರಾಮನಗರದ ಬಂಡೆಬೆಟ್ಟಗಳು, ಬನ್ನೇರುಘಟ್ಟದಿಂದ ಕನಕಪುರದವರೆಗಿನ ಕಾಡು, ಇವು ಅವರ ನೆಲೆ. ಜೇನು, ಗೆಡ್ಡೆಗೆಣಸು, ಸೀಗೆ, ಬಿದಿರು ಅವರ ಬದುಕು. 'ಇರುಳು' ಸೇರಿದ ಆ ಹೆಸರು ಹೊರಗಿನವರ ಕಣ್ಣು ಕೊಟ್ಟದ್ದೆಂದು ನನ್ನ ಅನುಮಾನ. ರಾಜ್ಯದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಅವರಿದ್ದಾರೆ. ಕಾಡಿನಿಂದ ಅಂಚಿಗೆ ಬಂದ ಮೇಲೆ ಅವರ ಗುಡಿಸಲುಗಳ ಗುಂಪಿಗೆ ದನಗಾಹಿಗಳ ಪದವೇ ಸಿಕ್ಕಿತು: ಇರುಳಿಗರ ದೊಡ್ಡಿ. ಈಚೆಗೆ ಅದೂ ಅಳಿಸಿ 'ಇರುಳಿಗರ ಕಾಲೋನಿ' ಎಂಬ ಬೋರ್ಡು ಬರುತ್ತಿದೆ. ಕಾಲೋನಿ ಎಂದೊಡನೆ ಯಾರೋ ಮಂಜೂರು ಮಾಡಿ ಕೂರಿಸಿದವರೆಂಬ ಅರ್ಥ ಬಂದುಬಿಡುತ್ತದೆ; ದೊಡ್ಡಿಯಲ್ಲಿ ತಾವೇ ಬಂದು ನಿಂತವರೆಂಬ ನೆನಪಾದರೂ ಇದೆ.

ದೊಡ್ಡಿ ಕಾನೂನಿನೊಳಗೆ ಹೆಸರು ಹಿಡಿದು ಬಂದದ್ದು ತೀರ ಈಚೆಗೆ. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿಯಲ್ಲಿ ಸೇರಿದ 38ಎ ಕಲಮು ದಾಖಲೆಯಿಲ್ಲದ ಜನವಸತಿಗಳನ್ನು ಸಾಲಾಗಿ ಕರೆಯುತ್ತದೆ: ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ. ಅಲ್ಲಿ ಮನೆ ಕಟ್ಟಿಕೊಂಡವರಿಗೆ ಮನೆಯಡಿಯ ನೆಲದ ಒಡೆತನ ಸಿಗಬೇಕು. 2023ರ ಜನವರಿಯಲ್ಲಿ ಮಳಖೇಡದಲ್ಲಿ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಪ್ರಧಾನಿಯೇ ಬಂದು ಹಕ್ಕುಪತ್ರ ಕೊಟ್ಟರು. ಆ ವೇದಿಕೆ ತಾಂಡಾಗಳದಾಗಿತ್ತು, ದೊಡ್ಡಿಗಳದಲ್ಲ.

ಮನೆಯಡಿಯ ನೆಲ ಸಿಕ್ಕಿದರೆ ದೊಡ್ಡಿ ಒಂದು ವಿಳಾಸವಾಗುತ್ತದೆ, ಅಷ್ಟೆ. ಸುತ್ತಲ ಕಾಡು ಆ ಕಾಗದದಲ್ಲಿ ಬರುವುದಿಲ್ಲ. ಅದಕ್ಕೆ ಬೇಕಾದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಅದು ದೊಡ್ಡಿ ಎಂಬ ಪದವನ್ನು ಬಳಸದಿದ್ದರೂ ಅದರ ಅರ್ಥವನ್ನು ಪೂರ್ತಿ ಒಪ್ಪಿಕೊಂಡಿದೆ. ಅಳತೆಯಾಗದ ಹಳೆಯ ವಸತಿಯನ್ನು, ದಾಖಲಾಗಿರಲಿ ಬಿಡಲಿ, ಕಂದಾಯ ಗ್ರಾಮವಾಗಿಸುವ ಹಕ್ಕು. ಜೇನು, ಬಿದಿರು, ಗೆಡ್ಡೆಗಳ ಒಡೆತನ. ದನ ಮೇಯಿಸುವ ಹಕ್ಕು. ಸಾಗುವಳಿಗೆ 4 ಹೆಕ್ಟೇರ್‌ವರೆಗೆ ಭೂಮಿ. ಕಾಡನ್ನು ಕಾಯ್ದು ನಿರ್ವಹಿಸುವ ಸಮುದಾಯದ ಹಕ್ಕು. ಆದರೂ 2025ರಲ್ಲಿ ಮಲೆಮಹದೇಶ್ವರ ಕಾಡಿನಲ್ಲಿ ಐದು ಹುಲಿಗಳು ವಿಷಕ್ಕೆ ಸತ್ತ ಬಳಿಕ ಅರಣ್ಯ ಸಚಿವರಿಂದ ಹೊರಟದ್ದು ಕಾಡಿನಲ್ಲಿ ದನ ಮೇಯಿಸುವುದನ್ನು ನಿಲ್ಲಿಸುವ ಸೂಚನೆ. ವಿಷವಿಟ್ಟವರಿಗೆ ಶಿಕ್ಷೆಯಾಗಲಿ, ಮೇಯಿಸುವ ಹಕ್ಕನ್ನು ಸೂಚನೆಯೊಂದರಿಂದ ಅಳಿಸಲಾಗದು.

ಕರ್ನಾಟಕದಲ್ಲಿ ಸಂವಿಧಾನದ 5ನೇ ಅನುಸೂಚಿಯ ಪ್ರದೇಶವೇ ಇಲ್ಲ. ಹಾಗಾಗಿ ಬುಡಕಟ್ಟು ಗ್ರಾಮಸಭೆಗೆ ಬಲ ಕೊಟ್ಟ 1996ರ ಪೆಸಾ ಕಾಯ್ದೆ ಇಲ್ಲಿಗೆ ಅನ್ವಯಿಸದು. ಇರುಳಿಗರ ಪಾಲಿಗೆ ಸ್ವಯಮಾಡಳಿತ ಎಂಬುದೇನಾದರೂ ಇದ್ದರೆ ಅದು ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ. ಪಂಚಾಯಿತಿ ಮಟ್ಟದ ಸಭೆಯಲ್ಲಿ ದೊಡ್ಡಿಯ ಮಾತು ಮುಳುಗಿಹೋಗುತ್ತದೆಂಬ ಕಾರಣಕ್ಕೆ ಆ ಕಾಯ್ದೆಯ 2012ರ ತಿದ್ದುಪಡಿ ನಿಯಮಗಳು ದಾಖಲೆಯಿಲ್ಲದ ವಸತಿಗಳನ್ನೂ ಪಂಚಾಯಿತಿ ಪಟ್ಟಿ ಮಾಡಬೇಕೆಂದವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯದ ಹಕ್ಕು ಪಡೆದದ್ದು ತಮ್ಮ ವಸತಿಗಳಾದ ಪೋಡುಗಳ ಗ್ರಾಮಸಭೆಗಳ ಮೂಲಕ.

ಹಕ್ಕು ಕೇಳುವ ಮುನ್ನ ಅರಣ್ಯ ಹಕ್ಕು ಕಾಯ್ದೆಯ ನಿಯಮ 13 ಓದಿಕೊಳ್ಳಿ. ಹಳೆಯ ಬಾವಿ, ಸಮಾಧಿ, ದೇವರ ಕಲ್ಲುಗಳು ಸಾಕ್ಷ್ಯ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯೂ ಸಾಕ್ಷ್ಯ, ಆದರೆ ಅದು ಬರಹದಲ್ಲಿರಬೇಕು. ನಿಮ್ಮ ದೊಡ್ಡಿಯ ಅಜ್ಜ ಅಜ್ಜಿಯರಿಗೆ ಹಳೆಯ ಕಲ್ಲುಗೋಡೆ ಎಲ್ಲಿತ್ತು, ಗೆಣಸು ಅಗೆಯುತ್ತಿದ್ದ ಬೆಟ್ಟ ಯಾವುದು ಎಂಬುದು ಗೊತ್ತಿದ್ದರೆ ಈ ಬೇಸಿಗೆಯೊಳಗೆ ಬರೆದು, ಹೆಬ್ಬೆಟ್ಟು ಒತ್ತಿಸಿ, ಗ್ರಾಮಸಭೆಗೆ ಕೊಡಿ.